ಗುಬ್ಬಕ್ಕ ಆ ಮಾತನ್ನು ನಂಬಿದ್ದೇಕೆ?

ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಒಂದು ದಿನ ಜಡಿಮಳೆ ಹಿಡಿಯಿತು. ಸಗಣಿಯ ಮನೆ ಕರಗಿಹೋಯಿತು. ನೆನೆದು ತೊಪ್ಪೆಯಾದ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟಿದಳು. ಗುಬ್ಬಕ್ಕ ಒಳಗಿನಿಂದಲೇ, ಮಗುವಿಗೆ ನೀರು ಹಾಕುತ್ತಿದ್ದೇನೆ ತಾಳು ಎಂದಳು. ಆಮೇಲೆ ಉಣ್ಣಿಸುತ್ತಿದ್ದೇನೆ ತಾಳು ಎಂದಳು, ಮಲಗಿಸುತ್ತಿದ್ದೇನೆ ತಾಳು ಎಂದಳು. ಕೊನೆಗೂ ಬಾಗಿಲು ತೆಗೆದು, ಕಡಲೆ ಮೂಟೆ ಇದ್ದ ಮೂಲೆಯಲ್ಲಿ ಜಾಗ ಕೊಟ್ಟಳು. ನಡುರಾತ್ರಿ ಕಟುಂ ಕಟುಂ ಎಂದು ಸದ್ದು. ಏನದು ಎಂದು ಗುಬ್ಬಕ್ಕ ಕೇಳಿದರೆ, ಏನಿಲ್ಲ, ಮನೆಯಿಂದ ತಂದಿದ್ದ ಅಡಿಕೆ ಚೂರು ಕಡಿಯುತ್ತಿದ್ದೇನೆ ಎಂದು ಕಾಗಕ್ಕನ ಉತ್ತರ. ಬೆಳಗಾಗುವಷ್ಟರಲ್ಲಿ ಮೂಟೆ ಖಾಲಿ.

ಕನ್ನಡದ ಮನೆಗಳಲ್ಲಿ ಮಗುವಿನ ಕಿವಿಗೆ ಮೊಟ್ಟಮೊದಲು ಬೀಳುವ ಕಥೆಗಳಲ್ಲಿ ಇದೂ ಒಂದು. ಊರಿಗೊಂದು ಪಾಠ, ಅಜ್ಜಿಗೊಂದು ಪಾಠ. ಮರಾಠಿ ಮಕ್ಕಳಿಗೂ ಇದು ಗೊತ್ತು. ಅಲ್ಲಿ ಗುಬ್ಬಿಯದು ಮೇಣದ ಮನೆ. ಕಡೆಯಲ್ಲಿ ಕಾಗಕ್ಕನಿಗೆ ಬರೆ ಬೀಳುವ ಭಾಗವೂ ಉಂಟು. ತಿಪಟೂರಿನ ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ಹೇಳುವಾಗ ನಮ್ಮಮ್ಮ ಅದನ್ನು ನುಂಗಿಬಿಡುತ್ತಾರೆ.

ಅಕ್ಕನ ಮಗಳಿಗೆ ಮೂರು ವರ್ಷವಾಗಿದ್ದಾಗ ಈ ಕಥೆಯಲ್ಲಿ ಅವಳಿಗೆ ಇಷ್ಟವಾಗಿದ್ದು ಕಟುಂ ಕಟುಂ ಸದ್ದು ಮಾತ್ರ. ಅದು ಬಂದಾಗ ಕೇಕೆ ಹಾಕುತ್ತಿದ್ದಳು. ಕಾಗಕ್ಕ ಏನು ತಿಂದಳು ಎಂದರೆ ‘ಅಡಿಕೆ’ ಎನ್ನುತ್ತಿದ್ದಳು. ಐದಕ್ಕೆ ಕಾಲಿಟ್ಟ ಮೇಲೆ ಒಂದು ರಾತ್ರಿ ಅದೇ ಜಾಗಕ್ಕೆ ಬಂದಾಗ ಎದ್ದು ಕುಳಿತು, ‘ಗುಬ್ಬಕ್ಕಾ, ಅಡಿಕೆ ಅಲ್ಲ ಕಣೇ, ಕಡಲೆ!’ ಎಂದು ಕೂಗಿದಳು. ಕಥೆ ಅದೇ, ಹೇಳಿದವರೂ ಅವರೇ. ಕೇಳುವ ತಲೆಯೊಳಗೆ ಈ ನಡುವೆ ಏನು ನಡೆಯಿತು? ಈ ಪ್ರಶ್ನೆಯ ಹಿಂದೆ ವಿಜ್ಞಾನಿಗಳು ಸುಮಾರು ಅರ್ಧ ಶತಮಾನದಿಂದ ಬಿದ್ದಿದ್ದಾರೆ.

ಆರಂಭ ತಾಯಿಯ ಹೊಟ್ಟೆಯಲ್ಲೇ ಎಂದರೆ ನಮ್ಮ ಓದುಗರಿಗೆ ಆಶ್ಚರ್ಯವಾಗದು; ಅಭಿಮನ್ಯುವಿನ ಕಥೆ ಕೇಳಿ ಬೆಳೆದವರು ನಾವು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಂಥೊನಿ ಡಿ ಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಗರ್ಭಿಣಿಯರು ಕೊನೆಯ ಆರು ವಾರ ದಿನವೂ ಒಂದೇ ಮಕ್ಕಳ ಕಥೆಯನ್ನು ಗಟ್ಟಿಯಾಗಿ ಓದಿದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಶಿಶುವಿನ ಬಾಯಿಗೆ ವಿಶೇಷವಾದ ಚೀಪುವ ರಬ್ಬರ್ ಕೊಡಲಾಯಿತು. ಅದನ್ನು ಒಂದು ಲಯದಲ್ಲಿ ಚೀಪಿದರೆ ಹಳೆಯ ಕಥೆ, ಇನ್ನೊಂದು ಲಯದಲ್ಲಿ ಚೀಪಿದರೆ ಹೊಸ ಕಥೆ ಕೇಳಿಸುತ್ತದೆ. ಶಿಶುಗಳು ಹಳೆಯ ಕಥೆ ಬರುವಂತೆ ಚೀಪಿದವು. ಓದುವ ದನಿ ಬೇರೆ ಹೆಂಗಸಿನದಾದರೂ ಅವುಗಳ ಆಯ್ಕೆ ಬದಲಾಗಲಿಲ್ಲ. ಹಾಗೆಂದು ಅವಕ್ಕೆ ಕಥೆ ಅರ್ಥವಾಗಿತ್ತೆಂದಲ್ಲ. ಗರ್ಭದ ನೀರನ್ನು ದಾಟಿ ಒಳಗೆ ತಲುಪುವುದು ಮಾತಿನ ಏರಿಳಿತ ಮತ್ತು ಲಯ, ಪದಗಳ ಸ್ಪಷ್ಟ ರೂಪವಲ್ಲ. ಈ ಲೆಕ್ಕದಲ್ಲಿ ಅಭಿಮನ್ಯುವಿಗೆ ಚಕ್ರವ್ಯೂಹದ ದಾರಿ ತಿಳಿಯುವ ಸಂಭವವಿರಲಿಲ್ಲ; ಅದನ್ನು ವಿವರಿಸಿದ ದನಿಯ ರಾಗ ಮಾತ್ರ ನೆನಪಿರಬಹುದಿತ್ತು.

ಹುಟ್ಟಿದ ಮಗುವಿಗೆ ಯಾವ ಭಾಷೆಯೂ ಪರಕೀಯವಲ್ಲ. ಇದನ್ನು ತೋರಿಸಿಕೊಟ್ಟ ಹೆಸರಾಂತ ಪ್ರಯೋಗದಲ್ಲಿ ನಮ್ಮ ಕಡೆಯ ಅಕ್ಷರಗಳಿಗೂ ಪಾಲಿದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ; ನಮಗಾದರೋ ‘ಅತ್ತ’ ಬೇರೆ, ‘ಅಟ್ಟ’ ಬೇರೆ. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಕೂಸುಗಳು ಎರಡನ್ನೂ ಸಲೀಸಾಗಿ ಬೇರ್ಪಡಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಆ ಶಕ್ತಿಯನ್ನು ಕಳೆದುಕೊಂಡಿದ್ದವು. ‘ಕಳೆದುಕೊಂಡವು’ ಎನ್ನುವುದಕ್ಕಿಂತ, ಮನೆಯ ಮಾತಿಗೆ ಬೇಡದ್ದನ್ನು ಕೈಬಿಟ್ಟು ಬೇಕಾದದ್ದರಲ್ಲಿ ನುರಿತವು ಎನ್ನುವುದು ಸರಿ. ಕನ್ನಡದ ಕೂಸಿಗೆ ಆ ಒಂದು ವರ್ಷದಲ್ಲಿ ‘ತ’ಕಾರ ‘ಟ’ಕಾರಗಳ ಗೆರೆ ಇನ್ನಷ್ಟು ಗಟ್ಟಿಯಾಗುತ್ತದೆ.

ಧ್ವನಿಯಾಯಿತು, ಪದ? ನಾವು ಆಡುವ ಮಾತಿನಲ್ಲಿ ಅಚ್ಚಿನ ಪುಟದಲ್ಲಿರುವಂತೆ ಪದಗಳ ನಡುವೆ ಖಾಲಿ ಜಾಗವಿಲ್ಲ. ‘ಕಾಗಕ್ಕನಮನೆಕರಗಿಹೋಯ್ತಂತೆ’ ಎಂದು ಒಂದೇ ಉಸಿರಿಗೆ ಬರುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂದು ಮಗುವಿಗೆ ಹೇಳುವವರಾರು? ಅಮೆರಿಕದ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು 1996ರಲ್ಲಿ ಎಂಟು ತಿಂಗಳ ಶಿಶುಗಳಿಗೆ ಎರಡೇ ನಿಮಿಷ ಅರ್ಥವಿಲ್ಲದ ಅಕ್ಷರಗಳ ಸರಣಿಯೊಂದನ್ನು ಬಿಡುವಿಲ್ಲದೆ ಕೇಳಿಸಿದರು. ಕೆಲವು ಅಕ್ಷರಗಳು ಯಾವಾಗಲೂ ಒಟ್ಟಿಗೇ ಬರುತ್ತಿದ್ದವು, ಕೆಲವು ಆಗೊಮ್ಮೆ ಈಗೊಮ್ಮೆ. ಅಷ್ಟರಲ್ಲೇ ಶಿಶುಗಳು ಒಟ್ಟಿಗೆ ಬರುವ ಗುಂಪುಗಳನ್ನು ಗುರುತಿಸಿದ್ದವು. ‘ಕಾ’ ಆದ ಮೇಲೆ ‘ಗಕ್ಕ’ ಬಂದೇ ಬರುತ್ತದೆ, ‘ಗಕ್ಕ’ ಆದ ಮೇಲೆ ಏನು ಬೇಕಾದರೂ ಬರಬಹುದು: ಹಾಗಾದರೆ ಪದ ಅಲ್ಲಿಗೆ ಮುಗಿಯಿತು. ಕೂಸು ಹಾಕುವ ಲೆಕ್ಕಾಚಾರ ಈ ಬಗೆಯದು. ನಮ್ಮ ಅಜ್ಜಿಯರ ಕಥೆಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದು, ಬಾಗಿಲು ಮೂರು ಸಲ ತಟ್ಟುವುದು ದೊಡ್ಡವರಿಗೆ ಬೇಸರ ತರಬಹುದು. ಎಳೆಯ ಕಿವಿಗೆ ಅದೇ ಆಧಾರ.

ಇಷ್ಟೆಲ್ಲ ಮಿದುಳಿನ ಯಾವ ಭಾಗದಲ್ಲಿ ನಡೆಯುತ್ತದೆ? ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ಜರ್ಮನಿಯ ಕಾರ್ಲ್ ವರ್ನಿಕೆ 1874ರಲ್ಲಿ ಗುರುತಿಸಿದ ಎರಡು ಎಡೆಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ. ಹೆಚ್ಚಿನವರಲ್ಲಿ ಎರಡೂ ಎಡಭಾಗದಲ್ಲಿವೆ. ಒಂದು ಹಣೆಯ ಬದಿಗೆ, ಇನ್ನೊಂದು ಕಿವಿಯ ಮೇಲೆ ಹಿಂದಕ್ಕೆ. ಆ ವೈದ್ಯರು ಮಾತು ಕೆಟ್ಟುಹೋದ ರೋಗಿಗಳಿಂದ ಇದನ್ನು ತಿಳಿದರು. ಈಗ ಎಂ.ಆರ್.ಐ. ಯಂತ್ರದಲ್ಲಿ, ಆರೋಗ್ಯವಂತ ಮಗು ಕಥೆ ಕೇಳುತ್ತಿರುವಾಗ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆಂದು ನೋಡಬಹುದು. ಫ್ರಾನ್ಸಿನ ಗಿಸ್ಲೇನ್ ಡೆಹೇನ್-ಲಾಂಬೆರ್ಟ್ಸ್ 2002ರಲ್ಲಿ ಮೂರು ತಿಂಗಳ ಕೂಸುಗಳಿಗೇ ಇದನ್ನು ಮಾಡಿ, ಮಾತು ಕೇಳಿದಾಗ ಎಡಗಿವಿಯ ಮೇಲಿನ ಭಾಗ ಆಗಲೇ ಚುರುಕಾಗುವುದನ್ನು ಕಂಡರು. ಆದರೆ ಭಾಗಗಳಿದ್ದರೆ ಸಾಲದು, ಅವುಗಳ ನಡುವೆ ರಸ್ತೆ ಬೇಕು. ಕೇಳುವ ಎಡೆಯಿಂದ ಬ್ರೋಕಾ ಎಡೆಯವರೆಗೆ ಕಮಾನಿನಂತೆ ಬಾಗಿ ಹೋಗುವ ನರತಂತುಗಳ ಕಂತೆಯೊಂದಿದೆ. ಜರ್ಮನಿಯ ಲೈಪ್ಝಿಗ್‌ನಲ್ಲಿ ಆಂಗೆಲಾ ಫ್ರೀಡರಿಸಿ ಅವರ ತಂಡ ಕಂಡಂತೆ ಹುಟ್ಟಿದಾಗ ಈ ರಸ್ತೆ ಬ್ರೋಕಾ ಎಡೆಯನ್ನು ಇನ್ನೂ ಮುಟ್ಟಿರುವುದಿಲ್ಲ. ಏಳು ವರ್ಷಕ್ಕೂ ಅದರ ಕೆಲಸ ಪೂರ್ಣವಾಗಿರುವುದಿಲ್ಲ. ‘ಮಳೆಗೆ ಮನೆ ಕರಗಿಹೋದ ಕಾಗಕ್ಕನಿಗೆ ಬಾಗಿಲು ತೆಗೆದ ಗುಬ್ಬಕ್ಕ’ ಎಂಬಂಥ ಒಂದರೊಳಗೊಂದು ಸೇರಿದ ವಾಕ್ಯ ಪುಟ್ಟ ಮಗುವಿಗೆ ಭಾರವಾಗುವುದಕ್ಕೆ ಇದೂ ಕಾರಣ. ‘ಮಳೆ ಬಂತಂತೆ. ಮನೆ ಕರಗಿಹೋಯ್ತಂತೆ’ ಎಂದು ತುಂಡು ಮಾಡಿ ಹೇಳುವ ಅಜ್ಜಿ ಯಾವ ಶಾಸ್ತ್ರವನ್ನೂ ಓದಿದವಳಲ್ಲ.

ಪದಗಳನ್ನು ಹಿಡಿದರೂ ಕಥೆ ಕೈಗೆ ಸಿಕ್ಕಿತೆಂದಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಉರಿ ಹ್ಯಾಸನ್ ಮತ್ತು ಸಂಗಡಿಗರು 2011ರಲ್ಲಿ ದೊಡ್ಡವರಿಗೆ ಒಂದು ಕಥೆಯನ್ನು ಹೇಳಿದಂತೆಯೂ, ಅದರ ಪ್ಯಾರಾ, ವಾಕ್ಯ, ಪದಗಳನ್ನು ಕಲಸಿಯೂ ಕೇಳಿಸಿದರು. ಬರೀ ಧ್ವನಿ ಹಿಡಿಯುವ ಭಾಗಕ್ಕೆ ಯಾವುದೂ ಒಂದೇ. ಅದರಿಂದ ಮೇಲಿನ ಭಾಗಗಳು ವಾಕ್ಯ ಕೂಡಿದರಷ್ಟೇ ಸ್ಪಂದಿಸಿದವು. ಇನ್ನೂ ಮೇಲಿನವು ಇಡೀ ಕಥೆ ಕ್ರಮವಾಗಿ ಬಂದಾಗ ಮಾತ್ರ ಎಲ್ಲ ಕೇಳುಗರಲ್ಲೂ ಒಂದೇ ಬಗೆಯಾಗಿ ಏರಿಳಿದವು. ಸಗಣಿಯ ಮನೆಯೆಂದು ಮೊದಲಲ್ಲಿ ಕೇಳಿದ್ದನ್ನು ಮಳೆ ಬರುವವರೆಗೆ ಯಾರೋ ಜೋಪಾನ ಮಾಡಬೇಕಲ್ಲ! ಆ ಜೋಪಾನದ ಶಕ್ತಿ ಮಗುವಿನಲ್ಲಿ ನಿಧಾನವಾಗಿ ಬೆಳೆಯುತ್ತದೆ. ಅದಕ್ಕೇ ಅದು ‘ಆಮೇಲೆ?’ ಎಂದು ಕೇಳುವುದು ಬೇಗ, ‘ಯಾಕೆ?’ ಎಂದು ಕೇಳುವುದು ತಡವಾಗಿ.

ಇನ್ನು ಅಡಿಕೆಯ ಸುಳ್ಳಿಗೆ ಬರೋಣ. ಈ ಕಥೆಯ ಕಗ್ಗಂಟು ಇರುವುದೇ ಅಲ್ಲಿ. ಕಾಗಕ್ಕ ತಿನ್ನುತ್ತಿರುವುದು ಕಡಲೆ. ಅದು ಕಾಗಕ್ಕನಿಗೆ ಗೊತ್ತು, ಕೇಳುವ ಮಗುವಿಗೂ ಗೊತ್ತಾಗಬೇಕು, ಗುಬ್ಬಕ್ಕನಿಗೆ ಮಾತ್ರ ಗೊತ್ತಿಲ್ಲ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು, ಅವರು ತಪ್ಪನ್ನೇ ನಿಜವೆಂದು ನಂಬಿರಬಹುದು ಎಂಬುದನ್ನು ಮನಸ್ಸಿನಲ್ಲಿ ಹಿಡಿಯುವುದು ಸಣ್ಣ ಸಾಧನೆಯಲ್ಲ. ಹೈಂಝ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ 1983ರಲ್ಲಿ ಇದನ್ನು ಅಳೆದದ್ದೂ ಒಂದು ಕಥೆಯಿಂದಲೇ. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಬೀರುವಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ತಾಯಿ ಅದನ್ನು ಇನ್ನೊಂದಕ್ಕೆ ಬದಲಾಯಿಸುತ್ತಾಳೆ. ಹಿಂದಿರುಗಿದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಚಾಕೊಲೇಟ್ ನಿಜವಾಗಿ ಇರುವ ಬೀರುವನ್ನು ತೋರಿಸುತ್ತಾರೆ. ನಾಲ್ಕೈದು ವರ್ಷದ ಆಚೆಗೆ ಮಕ್ಕಳು ಹಳೆಯ ಬೀರುವನ್ನು ತೋರಿಸತೊಡಗುತ್ತಾರೆ. ಅಕ್ಕನ ಮಗಳು ಗುಬ್ಬಕ್ಕನನ್ನು ಕೂಗಿ ಎಚ್ಚರಿಸಿದ್ದು ಸರಿಯಾಗಿ ಈ ಗಡಿ ದಾಟಿದ ಮೇಲೆ. ಬಲಗಿವಿಯ ಮೇಲೆ ತುಸು ಹಿಂದಕ್ಕೆ ಇರುವ ಮಿದುಳಿನ ಒಂದು ಎಡೆ ಇನ್ನೊಬ್ಬರ ಮನಸ್ಸಿನ ಬಗ್ಗೆ ಯೋಚಿಸುವಾಗ ಚುರುಕಾಗುತ್ತದೆ. ಅಮೆರಿಕದ ರೆಬೆಕಾ ಸ್ಯಾಕ್ಸ್ ಅವರ ತಂಡ 5ರಿಂದ 11 ವರ್ಷದ ಮಕ್ಕಳಿಗೆ ಕಥೆ ಕೇಳಿಸಿ ನೋಡಿದಾಗ, ವಯಸ್ಸು ಏರಿದಂತೆ ಆ ಎಡೆ ಬೇರೆಲ್ಲವನ್ನೂ ಬಿಟ್ಟು ‘ಅವನು ಅಂದುಕೊಂಡ’, ‘ಅವಳಿಗೆ ಗೊತ್ತಿರಲಿಲ್ಲ’ ಎಂಬಂಥ ಭಾಗಗಳಿಗೇ ಮೀಸಲಾಗುತ್ತ ಹೋಗಿತ್ತು.

ಇದು ವಯಸ್ಸಾದಂತೆ ಹಲ್ಲು ಬರುವ ಹಾಗೆ ತಾನಾಗಿ ಬರುವುದೇ? ಅಲ್ಲ ಎಂಬುದಕ್ಕೆ ಬಲವಾದ ಪುರಾವೆ ಕಿವುಡು ಮಕ್ಕಳಿಂದ ಸಿಕ್ಕಿತು. ಆಸ್ಟ್ರೇಲಿಯಾದ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1995ರಲ್ಲಿ 8ರಿಂದ 13 ವರ್ಷದ ಕಿವುಡು ಮಕ್ಕಳನ್ನು ಇಂಥ ಪರೀಕ್ಷೆಗೆ ಒಡ್ಡಿದಾಗ ಬಹುಪಾಲು ಮಕ್ಕಳು ತಪ್ಪಿದರು. ಬುದ್ಧಿಯಲ್ಲಿ ಕೊರತೆಯಿದ್ದ ಮಕ್ಕಳಲ್ಲ. ಮುಂದಿನ ಅಧ್ಯಯನಗಳು ಗುಟ್ಟನ್ನು ಬಿಡಿಸಿದವು. ಕಿವುಡು ತಂದೆತಾಯಿಗೆ ಹುಟ್ಟಿ, ಮೊದಲ ದಿನದಿಂದ ಸಂಜ್ಞಾ ಭಾಷೆಯಲ್ಲಿ ಮಾತನಾಡಿಸಿಕೊಂಡ ಕಿವುಡು ಮಕ್ಕಳು ಕೇಳುವ ಮಕ್ಕಳಿಗೆ ಸರಿಸಮನಾಗಿದ್ದರು. ಹಿಂದೆ ಬಿದ್ದವರು ಕೇಳುವವರ ಮನೆಯಲ್ಲಿ ಹುಟ್ಟಿ, ಯಾರೊಡನೆಯೂ ಸರಾಗವಾಗಿ ಮಾತಿಲ್ಲದೆ ಬೆಳೆದವರು. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡು ಮಕ್ಕಳ ಶಾಲೆ ತೆರೆದಾಗ ಅಲ್ಲಿ ಒಟ್ಟು ಸೇರಿದ ಮಕ್ಕಳೇ ಹೊಸ ಸಂಜ್ಞಾ ಭಾಷೆಯೊಂದನ್ನು ಕಟ್ಟಿಕೊಂಡರು. ಅದನ್ನು ಮೊದಲು ಕಟ್ಟಿದ ತಲೆಮಾರಿನವರಲ್ಲಿ ‘ಅಂದುಕೊಂಡ’, ‘ಗೊತ್ತು’ ಎಂಬಂಥ ಸಂಜ್ಞೆಗಳು ಕಡಿಮೆಯಿದ್ದವು. ಜೆನಿ ಪಯರ್ಸ್ ಮತ್ತು ಆನ್ ಸೆಂಘಾಸ್ 2009ರಲ್ಲಿ ವರದಿ ಮಾಡಿದಂತೆ, ಅವರು ದೊಡ್ಡವರಾದ ಮೇಲೂ ಮ್ಯಾಕ್ಸಿಯಂಥ ಪರೀಕ್ಷೆಗಳಲ್ಲಿ ಎಡವಿದರು. ಆ ಸಂಜ್ಞೆಗಳನ್ನು ಕಲಿತ ಮೇಲೆ ಉತ್ತರವೂ ಸುಧಾರಿಸಿತು.

ಇದನ್ನು ಓದಿದಾಗ ನನಗೆ ನಮ್ಮ ‘ಅಂತೆ’ ನೆನಪಾಯಿತು. ಮಳೆ ಬಂತಂತೆ, ತಾಳು ಅಂದಳಂತೆ, ನಂಬಿದಳಂತೆ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು ಎಂಬುದನ್ನು ಕನ್ನಡ ಈ ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಒಬ್ಬರ ತಿಳಿವು ಬೇರೆ, ಇನ್ನೊಬ್ಬರ ತಿಳಿವು ಬೇರೆ ಎಂಬ ಪಾಠಕ್ಕೆ ಇದು ಒಳ್ಳೆಯ ಅಭ್ಯಾಸವಾಗಿರಬೇಕು. ಇದು ನನ್ನ ಊಹೆಯೇ ಹೊರತು ವಿಜ್ಞಾನದ ತೀರ್ಮಾನವಲ್ಲ.

ನಮ್ಮ ಕಥೆಗಾರಿಕೆಯಲ್ಲಿ ಇನ್ನೊಂದು ರೂಢಿಯಿದೆ: ಹೂಂಗುಟ್ಟುವುದು. ಅಜ್ಜಿ ಒಂದು ಸಾಲು ಹೇಳಿದರೆ ಕೇಳುವವರು ‘ಹೂಂ’ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು, ಮಗು ನಿದ್ದೆ ಹೋಯಿತೆಂದು ಲೆಕ್ಕ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ತಾವು ಬಾಲ್ಯದಲ್ಲಿ ಅಡುಗೆಮನೆಯಲ್ಲಿ, ಊಟದ ಹೊತ್ತಿಗೆ ಕೇಳಿದ ಕಥೆಗಳ ಬಗ್ಗೆ ಬರೆದಿದ್ದಾರೆ. ಅಲ್ಲಿಯೂ ಕಥೆ ತುತ್ತಿಗೆ ತುತ್ತು, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಈ ಹೂಂಗುಟ್ಟುವಿಕೆಗೆ ಮಿದುಳಿನಲ್ಲಿ ನೆಲೆಯುಂಟೆಂದು ಸೂಚಿಸುವ ಅಧ್ಯಯನವೊಂದನ್ನು ಅಮೆರಿಕದ ರೇಚಲ್ ರೋಮಿಯೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಯ ಮಾತನ್ನು ಪುಟ್ಟ ಯಂತ್ರದಲ್ಲಿ ಮುದ್ರಿಸಿಕೊಂಡರು. ದೊಡ್ಡವರು ಆಡಿದ ಪದಗಳೆಷ್ಟು, ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಆಚೀಚೆ ಹೋಗಿಬಂತು ಎಂದು ಎಣಿಸಿದರು. ಆ ಮಕ್ಕಳು ಎಂ.ಆರ್.ಐ.ನಲ್ಲಿ ಮಲಗಿ ಕಥೆ ಕೇಳಿದಾಗ, ಮನೆಯಲ್ಲಿ ಮಾತುಕತೆ ಹೆಚ್ಚು ನಡೆಸಿದವರಲ್ಲಿ ಬ್ರೋಕಾ ಎಡೆ ಹೆಚ್ಚು ಚುರುಕಾಗಿತ್ತು. ಕಿವಿಗೆ ಬಿದ್ದ ಪದಗಳ ಒಟ್ಟು ಮೊತ್ತಕ್ಕಾಗಲಿ, ಮನೆಯ ವರಮಾನಕ್ಕಾಗಲಿ ಅಷ್ಟು ಸಂಬಂಧ ಕಾಣಲಿಲ್ಲ. ಇದು ಕಾರಣವೋ ಬರೀ ಜೊತೆಗಾರಿಕೆಯೋ ಎಂದು ಇಷ್ಟರಿಂದಲೇ ಹೇಳಲಾಗದು ನಿಜ. ಆದರೆ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ 2003ರಲ್ಲೇ ಇದೇ ದಿಕ್ಕಿನ ಸಂಗತಿಯೊಂದನ್ನು ತೋರಿಸಿದ್ದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಮಾತಿನವರು ಕುಳಿತು ಆಡಿಸುತ್ತ ಓದಿದಾಗ ಕೂಸುಗಳು ಚೀನೀ ಧ್ವನಿಗಳನ್ನು ಕಲಿತವು. ಅದೇ ಜನ, ಅದೇ ಮಾತು ಟಿ.ವಿ. ಪರದೆಯಿಂದ ಬಂದಾಗ ಏನೂ ಕಲಿಯಲಿಲ್ಲ. ಉಣ್ಣಲು ಹಟ ಮಾಡುವ ಕೂಸಿನ ಮುಂದೆ ಮೊಬೈಲಿನಲ್ಲಿ ಕಥೆ ಹಾಕಿಡುವವರು ನಮ್ಮ ಮನೆಯಲ್ಲೂ ಇದ್ದಾರೆ, ನಾನೂ ಹಾಕಿದ್ದೇನೆ. ಮೊಬೈಲಿಗೆ ‘ಹೂಂ’ ಬೇಕಾಗಿಲ್ಲ.

ಹೂಂಗುಟ್ಟಬೇಕಾದರೆ ಮೊದಲು ಕೇಳಿಸಬೇಕು. ಅಕ್ಕನ ಎರಡನೆಯ ಮಗು ಗಂಡು. ಕರೆದರೆ ತಿರುಗುತ್ತಿರಲಿಲ್ಲ, ಪಾತ್ರೆ ಬಿದ್ದರೆ ತಿರುಗುತ್ತಿದ್ದ. ಎರಡು ವರ್ಷ ಕಳೆದರೂ ಮಾತಿಲ್ಲ. ‘ಗಂಡು ಮಕ್ಕಳಿಗೆ ಮಾತು ತಡ’ ಎಂದು ಮನೆಯಲ್ಲಿ ಎಲ್ಲರೂ ಹೇಳಿದೆವು. ಕಥೆ ಹೇಳಿದರೆ ಎದ್ದು ಹೋಗುತ್ತಿದ್ದುದರಿಂದ ತುಂಟ ಎಂದೆವು. ಪರೀಕ್ಷೆ ಮಾಡಿಸಿದಾಗ ಅವನಿಗೆ ಎರಡೂ ಕಿವಿಯಲ್ಲಿ ಮಾತಿನ ಮಟ್ಟದ ಸದ್ದು ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ತಿಳಿಯಿತು. ಶ್ರವಣ ಸಾಧನ ಹಾಕಿಸಿದಾಗ ಅವನಿಗೆ ಎರಡೂವರೆ ವರ್ಷ.

ಇದು ಅಷ್ಟು ತಡವಾಗಬೇಕಾಗಿರಲಿಲ್ಲ. ಆರೋಗ್ಯವಂತ ಒಳಕಿವಿಗೆ ಸದ್ದು ಬಿದ್ದರೆ ಅದು ತಾನೂ ಒಂದು ಕ್ಷೀಣ ಪ್ರತಿಧ್ವನಿಯನ್ನು ಹೊರಡಿಸುತ್ತದೆ. ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ಇದನ್ನು ಕಂಡುಹಿಡಿದರು. ಮಲಗಿರುವ ಕೂಸಿನ ಕಿವಿಗೆ ಪುಟ್ಟ ಗುಂಡಿಯಂಥ ಸಾಧನ ಇಟ್ಟು ಕೆಲವೇ ನಿಮಿಷದಲ್ಲಿ ಆ ಪ್ರತಿಧ್ವನಿ ಇದೆಯೇ ಇಲ್ಲವೇ ಎಂದು ನೋಡಬಹುದು. ನೋವಿಲ್ಲ, ಮಗುವಿನ ಸಹಕಾರವೂ ಬೇಡ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷ ಖಚಿತ, 6 ತಿಂಗಳೊಳಗೆ ಪರಿಹಾರದ ಆರಂಭ ಎಂಬುದು ತಜ್ಞರು ಒಪ್ಪಿಕೊಂಡಿರುವ ಕ್ರಮ. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಮುಂದಿರುವುದನ್ನು ಅಮೆರಿಕದ ಕೊಲರಾಡೊದಲ್ಲಿ ನಡೆದ ಅಧ್ಯಯನ 1998ರಲ್ಲಿ ತೋರಿಸಿತು. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕ್ಷೇತ್ರದಲ್ಲಿದೆ. ಇದಾವುದೂ ನಮಗೆ ಗೊತ್ತಿರಲಿಲ್ಲ. ವರದಿಗಾರನಾದ ನನಗೂ ಗೊತ್ತಿರಲಿಲ್ಲ.

ಮೊದಲ ಕೆಲವು ತಿಂಗಳು ಅವನು ಸಾಧನವನ್ನು ಕಿತ್ತೆಸೆಯುತ್ತಿದ್ದ. ಹೊಸದಾಗಿ ಕೇಳಿಸುವ ಸದ್ದುಗಳಿಗೆ ಮಿದುಳು ಅರ್ಥ ಕಟ್ಟಿಕೊಳ್ಳಬೇಕು, ಅಕ್ಕನ ಮಗಳು ತೊಟ್ಟಿಲಲ್ಲೇ ಮುಗಿಸಿದ್ದ ಕೆಲಸವನ್ನು ಅವನು ಎರಡೂವರೆಯಲ್ಲಿ ಶುರುಮಾಡಬೇಕು. ವಾರಕ್ಕೆರಡು ದಿನ ಮಾತಿನ ತರಬೇತಿ. ಉಳಿದ ದಿನ ನಮ್ಮಮ್ಮ. ಎದುರಿಗೆ ಕೂರಿಸಿಕೊಂಡು, ಬಾಯಿ ಕಾಣುವಂತೆ, ಅದೇ ಕಾಗಕ್ಕ ಗುಬ್ಬಕ್ಕ. ನಾಲ್ಕು ತುಂಬಿದರೂ ಅವನಿಗೆ ‘ಕಾಗಕ್ಕ ತಿಂದದ್ದು ಅಡಿಕೆ’. ಐದು ತುಂಬಿದಾಗಲೂ ಅಡಿಕೆಯೇ.

ಈಗ ಅವನಿಗೆ ಆರರ ಸಮೀಪ. ಕಳೆದ ತಿಂಗಳು ಊರಿಗೆ ಹೋಗಿದ್ದೆ. ಊಟವಾದ ಮೇಲೆ ಅಮ್ಮ ಕಥೆ ಆರಂಭಿಸಿದರು. ಅವನು ಸಾಲು ಮುಗಿಯುವ ಮೊದಲೇ ಒಮ್ಮೆ, ಮುಗಿದು ಎಷ್ಟೋ ಹೊತ್ತಾದ ಮೇಲೆ ಒಮ್ಮೆ ಹೂಂಗುಟ್ಟುತ್ತಿದ್ದ. ಕಟುಂ ಕಟುಂ ಬಂತು, ಅಡಿಕೆಯ ಮಾತೂ ಬಂತು. ‘ಗುಬ್ಬಕ್ಕ ನಂಬಿಬಿಟ್ಟಳಂತೆ. ಯಾಕೆ ನಂಬಿದಳು ಹೇಳು ಪುಟ್ಟಾ?’ ಎಂದು ಅಮ್ಮ ಕೇಳಿದರು. ಅವನು ಕಿವಿಯ ಹಿಂದಿನ ಸಾಧನವನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

‘ರಾತ್ರಿ ಅಲ್ವಾ ಅಜ್ಜಿ, ಮಿಷನ್ ತೆಗೆದಿಟ್ಟು ಮಲ್ಗಿದ್ಲು. ಕಡಲೆ ಸದ್ದು ಅಂತ ಅವಳಿಗೆ ಗೊತ್ತಾಗ್ಲಿಲ್ಲ.’